ಸೋಮವಾರದ ತಟ್ಟೆ

ಜನವರಿ ೧೨

ಪ್ರೀತಿಯ ಪುಟ್ಟಿ,

ನಿನ್ನ ಅಕ್ಕನಿಗೆ ಬಡ್ತಿ ಸಿಕ್ಕಿದೆ. ನಗಬೇಡ, ನಿಜ. ಇಷ್ಟು ವರ್ಷ ಪಿಂಗಾಣಿ ಕಾರ್ಖಾನೆಯ ಒಂದೇ ಬೆಂಚಿನಲ್ಲಿ ಕೂತು, ತಟ್ಟೆಯ ಮೇಲೆ ಅದೇ ಕೊಂಬೆ, ಕೊಂಬೆಯ ಮೇಲೆ ಅದೇ ಹಕ್ಕಿ ಬಿಡಿಸಿದವಳಿಗೆ ಈಗ ಸ್ವಂತ ಕೋಣೆ ಕೊಟ್ಟಿದ್ದಾರೆ.

ಆದದ್ದು ಇಷ್ಟು. ನಮ್ಮಲ್ಲಿನ ಪದ್ಧತಿ ನಿನಗೆ ಗೊತ್ತಲ್ಲ, ಎದುರಿನ ಗೋಡೆಯಲ್ಲಿ ಮಾದರಿ ತಟ್ಟೆ ತೂಗುತ್ತಿರುತ್ತದೆ. ಬೆಂಚಿನ ಹೆಂಗಸರೆಲ್ಲ ಅದನ್ನೇ ನೋಡಿ ಬಿಡಿಸಬೇಕು. ಒಂದು ಎಲೆ ಹೆಚ್ಚಾದರೂ ತಟ್ಟೆ ಒಡಕಿನ ಬುಟ್ಟಿಗೆ ಹೋಗುತ್ತದೆ. ಒಂದು ಮಧ್ಯಾಹ್ನ ನನ್ನ ಹಕ್ಕಿ ಕತ್ತು ಹಿಂದಕ್ಕೆ ತಿರುಗಿಸಿಬಿಟ್ಟಿತು. ನಾನು ಬೇಕೆಂದು ತಿರುಗಿಸಲಿಲ್ಲ ಕಣೇ, ಬೇಜಾರಿಗೆ ಕೈ ತಾನೇ ತಿರುಗಿತು. ತಪಾಸಣೆಯವನು ತೂಕಡಿಸುತ್ತಿದ್ದನೋ ಏನೋ, ತಟ್ಟೆ ಹಾಗೇ ಭಟ್ಟಿ ಸೇರಿ, ಪೆಟ್ಟಿಗೆ ಸೇರಿ, ಕೊಳ್ಳುವವರ ಕೈ ಸೇರಿತು. ಅವರು ತಟ್ಟೆ ಹಿಡಿದುಕೊಂಡು ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಅವರೋ, “ನಮಗೆ ಇದೇ ಹಕ್ಕಿ ಬೇಕು” ಎಂದರಂತೆ. ಈಗ ಗೋಡೆಯ ಮೇಲೆ ತೂಗುತ್ತಿರುವುದು ನನ್ನ ಹಕ್ಕಿ.

ಅಂದಿನಿಂದ ಮ್ಯಾನೇಜರಿಗೆ ಹುಚ್ಚು ಹಿಡಿದಿದೆ. ಎಲ್ಲಿಂದಲೋ ಒಬ್ಬ ತರಬೇತಿಯವರನ್ನು ಕರೆಸಿದರು. “ಪ್ರತಿಯೊಬ್ಬರ ಒಳಗೂ ಒಂದು ಮಗು ಮಲಗಿದೆ, ಅದನ್ನು ಎಬ್ಬಿಸಿ” ಎಂದು ಅವರು ಕೈ ಬೀಸಿ ಬೀಸಿ ಹೇಳಿದರು. ನನ್ನೊಳಗಿನ ಮಗು ಎದ್ದರೆ ಮೊದಲು ಊಟ ಕೇಳುತ್ತದೆ ಎಂದೆ, ಬೆಂಚೆಲ್ಲ ನಕ್ಕಿತು. ಬೆಂಚು ನನ್ನ ಜೊತೆ ನಕ್ಕದ್ದು ಅದೇ ಕೊನೆ. ಕತ್ತು ತಿರುಗಿಸಿದ ಹಕ್ಕಿಗೆ ಸಣ್ಣ ಕುಂಚ ಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ದಿನಕ್ಕೆ ಮುಗಿಸಬೇಕಾದ ತಟ್ಟೆಗಳು ಮೊದಲಿನಷ್ಟೇ. ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ನಿನ್ನೆ ಕುಂಚ ಕೆಳಗಿಟ್ಟು, “ನಿನ್ ಹಕ್ಕಿ ಕತ್ತು ತಿರುಗಿಸ್ತು, ನಮ್ ಕತ್ತು ಮುರೀತು” ಎಂದಳು.

ನನ್ನ ಕೋಣೆಗೆ ಮೂರು ಕಡೆ ಗಾಜು. ಒಳಗೆ ಹೂಕುಂಡ, ಬಣ್ಣದ ದಿಂಬುಗಳು, ಬಾಗಿಲ ಮೇಲೆ ‘ಸೃಜನಶೀಲತೆಯ ಕೋಣೆ’ ಎಂಬ ಬೋರ್ಡು. ಪ್ರತಿ ಸೋಮವಾರ ಒಂದು ಹೊಸ ತಟ್ಟೆ ಮ್ಯಾನೇಜರ ಮೇಜಿನ ಮೇಲಿರಬೇಕು, ಅಷ್ಟೇ ಕೆಲಸ. ನಿನಗೆ ಹೊಟ್ಟೆಕಿಚ್ಚಾಗುತ್ತಿದೆ ತಾನೇ?

ನಿನ್ನ ಅಕ್ಕ


ಜನವರಿ ೨೦

ಅಕ್ಕಾ,

ಹೊಟ್ಟೆಕಿಚ್ಚಲ್ಲ, ಹೊಟ್ಟೆಯೇ ಉರಿದು ಬೂದಿಯಾಯಿತು. ಬಾಗಿಲಿರುವ ಕೋಣೆ! ಒಳಗೆ ದಿಂಬು! ಸುಮ್ಮನೆ ಕೂತು ಯೋಚಿಸುವುದಕ್ಕೆ ಸಂಬಳ! ನಾನು ಕೂತು ಯೋಚಿಸಿದರೆ ಹಾಲು ಉಕ್ಕುತ್ತದೆ.

ಇಲ್ಲಿ ಎಲ್ಲ ಮಾಮೂಲು. ಇವರು ಗೂಡ್ಸ್ ಗಾಡಿಯ ಜೊತೆ ಹೋಗುತ್ತಾರೆ, ಬರುತ್ತಾರೆ, ಬಂದರೆ ಮಲಗುತ್ತಾರೆ. ಮಾವ ಕಿಟಕಿಯ ಪಕ್ಕ ಅವರ ಕುರ್ಚಿಯಲ್ಲಿ. ಲಕ್ವ ಹೊಡೆದ ಬಲಗೈ ಬಲಗಾಲು ಹಾಗೇ ಇವೆ. ಮಾತೂ ಅಷ್ಟೇ, “ಆಯ್ತು” ಒಂದನ್ನು ಬಿಟ್ಟರೆ ಬೇರೇನೂ ಬರುವುದಿಲ್ಲ. ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ಬಸ್ ನಿಲ್ದಾಣದ ಮೈಕಿನಲ್ಲಿ ಊರೂರಿನ ಹೆಸರು ಕೂಗಿ ಕೂಗಿ ಬದುಕಿದವರು, ಪಾಪ.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅವರ ಪಕ್ಕ ಕೂತು ಬೀದಿ ನೋಡುತ್ತೇನೆ. ಮೂರನೇ ಮಹಡಿಯಿಂದ ಬರೀ ತಲೆಗಳೇ ಕಾಣುವುದು. ದಿನಾ ಒಬ್ಬ ಬಿಚ್ಚಿದ ಕೊಡೆ ಹಿಡಿದು ಹೋಗುತ್ತಾನೆ, ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಮಾವನಿಗೆ ಹೇಳಿದೆ: “ಅದು ಅವನ ಕೊಡೆ ಅಲ್ಲ ಮಾವ, ಸಾಹೇಬರದ್ದು. ಎರವಲು ತಂದು ಸ್ಪ್ರಿಂಗ್ ಮುರ್ಕೊಂಡಿದಾನೆ. ಮುಚ್ಚಿದ್ರೆ ಇನ್ನು ಬಿಚ್ಚಕ್ಕಾಗಲ್ಲ, ಗುಟ್ಟು ರಟ್ಟಾಗತ್ತೆ. ಅದಕ್ಕೇ ಬಿಚ್ಕೊಂಡೇ ಓಡಾಡ್ತಾನೆ. ಮನೆ ಬಾಗಿಲಲ್ಲಿ ತೂರಲ್ಲ ಅಂತ ರಾತ್ರಿ ಅಂಗಳದಲ್ಲೇ ಮಲಗ್ತಾನೆ. ಹೆಂಡ್ತಿ ಕಿಟಕಿಯಿಂದ ತಟ್ಟೆ ಚಾಚ್ತಾಳೆ.” ಮಾವ ನಕ್ಕ ರಭಸಕ್ಕೆ ಕುರ್ಚಿ ಕಿರುಗುಟ್ಟಿತು. ಇಬ್ಬರೂ ಸೇರಿ ಕಣ್ಣು ಒರೆಸಿಕೊಂಡೆವು.

ನೋಡು, ನಿನ್ನ ತಂಗಿ ಇಂಥ ಘನಕಾರ್ಯದಲ್ಲಿ ಮುಳುಗಿದ್ದಾಳೆ. ನಿನ್ನ ಹೊಸ ತಟ್ಟೆಗಳ ಬಗ್ಗೆ ಬರೆ.

ಪುಟ್ಟಿ


ಫೆಬ್ರವರಿ ೯

ಪುಟ್ಟಿ,

ಯಾರಿಗೂ ಹೇಳಬೇಡ. ನನ್ನ ಕೈಯಲ್ಲಿ ಏನೂ ಬರುತ್ತಿಲ್ಲ.

ಬೆಂಚಿನಲ್ಲಿದ್ದಾಗ ತಲೆಯೊಳಗೆ ಏನೇನೋ ಓಡುತ್ತಿತ್ತು, ಬಿಡಿಸಲು ಬಿಡುತ್ತಿರಲಿಲ್ಲ. ಈಗ ಬಿಡಿಸು ಬಿಡಿಸು ಎಂದು ಗಾಜಿನಾಚೆ ನಿಂತು ನೋಡುತ್ತಾರೆ, ತಲೆಯೊಳಗೆ ಬರೀ ಸುಣ್ಣದ ಗೋಡೆ. ಮೀನು ಬಿಡಿಸಿದೆ, ಅದೂ ಕತ್ತು ತಿರುಗಿಸಿತು. ಮೀನಿಗೆ ಕತ್ತೆಲ್ಲಿದೆ ಹೇಳು! ಒಂದು ಸೋಮವಾರ ಹುಷಾರಿಲ್ಲ ಎಂದು ನೆಪ ಹೇಳಿದೆ, ಇನ್ನೊಂದು ಸೋಮವಾರ ಬಣ್ಣ ಒಣಗಿಲ್ಲ ಎಂದೆ. ಮ್ಯಾನೇಜರು ಮೆತ್ತಗೆ, “ನಿನ್ ಜಾಗಕ್ಕೆ ಬೆಂಚಲ್ಲಿ ಬೇರೆಯವ್ರು ಬಂದಾಯ್ತಲ್ಲಮ್ಮ, ವಾಪಸ್ ಕಳಿಸೋಣ ಅಂದ್ರೂ ಜಾಗ ಇಲ್ಲ” ಎಂದರು. ನಗುನಗುತ್ತಲೇ ಹೇಳಿದರು. ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ ಎಂದರೆ ಮನೆಗೆ ಎಂದು ಅರ್ಥ. ಈ ವಯಸ್ಸಿನಲ್ಲಿ, ಒಂಟಿ ಹೆಂಗಸು, ಹಕ್ಕಿಯೊಂದನ್ನು ಬಿಟ್ಟರೆ ಬೇರೇನೂ ಬಾರದವಳನ್ನು ಯಾರು ಕರೆದು ಕೆಲಸ ಕೊಡುತ್ತಾರೆ?

ಭಾನುವಾರ ಗಾಬರಿಯಲ್ಲಿ ನಿನ್ನ ಪತ್ರವನ್ನೇ ಮತ್ತೆ ಓದಿದೆ. ಓದುತ್ತಾ ಓದುತ್ತಾ ಕೊಡೆಯವನನ್ನು ತಟ್ಟೆಯ ಮೇಲೆ ಬಿಡಿಸಿಬಿಟ್ಟೆ. ಬಾಗಿಲಲ್ಲಿ ಸಿಕ್ಕಿಕೊಂಡ ಕೊಡೆ, ಒಳಗಿನಿಂದ ಚಾಚಿದ ಒಂದು ಕೈ, ಅಷ್ಟೇ. ಸೋಮವಾರ ಮ್ಯಾನೇಜರು ಕುರ್ಚಿಯಿಂದ ಎದ್ದು ನಿಂತರು! “ಇದರ ಜೊತೆಯವ್ರು ಇನ್ನೂ ಇದಾರಾ?” ಎಂದು ಕೇಳಿದರು. ಇದ್ದಾರೆ ಎಂದೆ.

ಇದ್ದಾರೆ ತಾನೇ? ಬೇಗ ಬರೆ.

ಅಕ್ಕ


ಫೆಬ್ರವರಿ ೧೫

ಅಕ್ಕಾ ಅಕ್ಕಾ,

ಇದ್ದಾರೆ ಎಂದರೆ ಇದ್ದಾರೆ, ಬೀದಿ ತುಂಬ ಇದ್ದಾರೆ! ಮಾವನಿಗೆ ನಿನ್ನ ಪತ್ರ ಗಟ್ಟಿಯಾಗಿ ಓದಿದೆ. “ನಮ್ಮ ಕೊಡೆಯಪ್ಪ ತಟ್ಟೆ ಮೇಲೆ ಹೋಗ್ಬಿಟ್ಟ ಮಾವ!” ಎಂದರೆ ಅವರು ಎಡಗೈಯಿಂದ ಕುರ್ಚಿಯ ಕೈ ಬಡಿದು “ಆಯ್ತು! ಆಯ್ತು!” ಎಂದರು.

ಎದುರು ಮಹಡಿಯ ಹೆಂಗಸು ದಿನಾ ಒಂದೇ ಒಂದು ಕಾಲುಚೀಲ ಒಣಹಾಕುತ್ತಾಳೆ. ಅವಳ ಗಂಡ ಪರಸ್ಥಳದಿಂದ ಕಂತಿನಲ್ಲಿ ಬರುತ್ತಿದ್ದಾನೆ ಎಂದು ನಾವು ತೀರ್ಮಾನಿಸಿದ್ದೇವೆ. ಸದ್ಯಕ್ಕೆ ಒಂದು ಕಾಲು ಬಂದಿದೆ. ಇನ್ನೊಂದು ಮುಂದಿನ ತಿಂಗಳು. ತಲೆ ಬರುವುದು ಕಟ್ಟಕಡೆಗೆ, ಅಲ್ಲಿಯವರೆಗೆ ಅವಳ ಸಂಸಾರ ಬಹಳ ನೆಮ್ಮದಿಯದ್ದು.

ಮೊನ್ನೆ ಇಬ್ಬರು ದೊಡ್ಡ ಕನ್ನಡಿ ಹೊತ್ತು ಹೋದರು. ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿಕೊಂಡರು, ಒಬ್ಬ ಕ್ರಾಪು ತೀಡಿದ. “ಅಷ್ಟೂ ಮುಖ ಹೊತ್ಕೊಂಡು ಆಚೆ ಬೀದಿಗೆ ಹೋಗ್ತಿದಾರೆ ಮಾವ, ನಾಳೆ ಬೆಳಗ್ಗೆ ಎಲ್ಲಾ ಮುಖ ತೊಳಿಯಕ್ಕೆ ಹೋದ್ರೆ ಮುಖಾನೇ ಇರಲ್ಲ, ಕನ್ನಡಿ ಮನೆ ಮುಂದೆ ಸಾಲು ನಿಲ್ಬೇಕು” ಎಂದೆ. ಮಾವ ತಮ್ಮ ಮುಖ ಮುಟ್ಟಿ ನೋಡಿಕೊಂಡರು. ಅವರ ಮುಖ ಒಂದು ಕಡೆಗೆ ಜಾರಿದೆಯಲ್ಲ, ಒಂದು ಕ್ಷಣ ನನಗೆ ಏನು ಹೇಳಿದೆನಪ್ಪಾ ಎನಿಸಿತು. ಆದರೆ ಅವರು ನನ್ನ ಕೆನ್ನೆ ಹಿಂಡಿ ನಕ್ಕರು.

ನಾನು ಆಡಿದ ಹುಚ್ಚುಮಾತು ತಟ್ಟೆಯ ಮೇಲೆ ಕೂತು ಯಾರದೋ ಮನೆಯ ಊಟದ ಮೇಜಿಗೆ ಹೋಗುತ್ತದೆ ಎಂದರೆ ನಂಬಲಾಗುತ್ತಿಲ್ಲ. ನಾನು ಈ ಬೀದಿಯ ತುದಿ ದಾಟಿ ಎಷ್ಟು ಕಾಲವಾಯಿತೋ. ನನ್ನ ಮಾತಾದರೂ ಹೋಗಲಿ.

ಪುಟ್ಟಿ


ಫೆಬ್ರವರಿ ೨೫

ಪುಟ್ಟಿ,

ಕಾಲುಚೀಲ ಪಾಸಾಯಿತು. ಕನ್ನಡಿಯನ್ನು ಒಪ್ಪಲಿಲ್ಲ, ಬಣ್ಣ ಹೆಚ್ಚು ಬೇಕಾಗುತ್ತದಂತೆ. ಈ ಸರಣಿಗೆ ‘ಕಿಟಕಿ’ ಎಂದು ಹೆಸರಿಟ್ಟಿದ್ದಾರೆ. ಒಟ್ಟು ಹನ್ನೆರಡು ಬೇಕು, ಪ್ರತಿ ತಟ್ಟೆಯ ಹಿಂದೆ ನನ್ನ ಹೆಸರು ಹಾಕುತ್ತಾರಂತೆ.

ನೀನು ಒಂದು ಕೆಲಸ ಮಾಡು. ಕಾಗದ ಪೆನ್ನು ಹಿಡಿದುಕೊಂಡೇ ಕಿಟಕಿಯ ಹತ್ತಿರ ಕೂರು. ಬೆಳಗ್ಗೆ ಮನಸ್ಸು ತಿಳಿಯಾಗಿರುತ್ತದೆ ಎಂದು ತರಬೇತಿಯವರು ಹೇಳುತ್ತಾರೆ, ಬೆಳಗ್ಗೆಯೇ ಕೂರು. ಗುರುವಾರದೊಳಗೆ ಅಂಚೆಗೆ ಹಾಕಿದರೆ ನನಗೆ ಶನಿವಾರ ಸಿಗುತ್ತದೆ. ಮಾವನ ವಿಷಯ, ಹಾಲಿನ ವಿಷಯ ಆಮೇಲೆ ಬರೆಯುವೆಯಂತೆ, ಮೊದಲು ಬೀದಿ. ಮಕ್ಕಳು ಹಾಯ್ದು ಹೋದರೆ ಒಳ್ಳೆಯದು, ಮಕ್ಕಳಿರುವ ತಟ್ಟೆ ಬೇಗ ಹೋಗುತ್ತದಂತೆ.

ಬೆಂಚಿನವರು ಈಗ ಊಟಕ್ಕೆ ನನ್ನನ್ನು ಕರೆಯುವುದಿಲ್ಲ. ಕೊಡೆಯ ಕಡ್ಡಿಗಳು ಹಕ್ಕಿಯ ಕತ್ತಿಗಿಂತ ಕಷ್ಟವಂತೆ.

ಅಕ್ಕ


ಮಾರ್ಚ್ ೧೪

ಅಕ್ಕ,

ತಡವಾಯಿತು. ಬೆಳಗ್ಗೆ ಕೂರಲು ನೋಡಿದೆ, ಆಗುವುದಿಲ್ಲ, ಬೆಳಗ್ಗೆ ಮಾವನಿಗೆ ಸ್ನಾನ.

ಕೆಂಪು ಚೀಲದ ಹೆಂಗಸು ಹೋದಳು. ಇಬ್ಬರು ಮಕ್ಕಳು ಶಾಲೆಗೆ ಹೋದರು. ಸೈಕಲ್ಲಿನವನೊಬ್ಬ ಬಿದ್ದ, ಎದ್ದ. ಅವರೆಲ್ಲ ಸುಮ್ಮನೆ ಹೋದರು ಅಕ್ಕ, ಯಾರೂ ಏನೂ ಆಗಲಿಲ್ಲ.

ಮಾವ ಈಚೆಗೆ ನಗುತ್ತಿಲ್ಲ. ಗೋಡೆಯ ಕಡೆ ಮುಖ ಮಾಡುತ್ತಾರೆ. ಡಾಕ್ಟರು ಬಂದು ನೋಡಿ ಏನಿಲ್ಲ ಎಂದರು.

ಪುಟ್ಟಿ


ಮಾರ್ಚ್ ೧೯

ಪುಟ್ಟಿ,

ನಿನ್ನ ಪತ್ರ ಬಂತು. ಅದನ್ನು ಪತ್ರ ಎನ್ನಬೇಕೋ ಹಾಜರಿ ಪಟ್ಟಿ ಎನ್ನಬೇಕೋ ತಿಳಿಯಲಿಲ್ಲ.

ನನಗೆ ಅರ್ಥವಾಗುತ್ತದೆ. ತಟ್ಟೆಯ ಹಿಂದೆ ನನ್ನ ಹೆಸರು ಬಂತು, ನಿನ್ನದು ಬರಲಿಲ್ಲ, ಅದಕ್ಕೆ ಮುಖ ಊದಿಸಿಕೊಂಡಿದ್ದೀಯ. ನೇರವಾಗಿ ಕೇಳಿದ್ದರೆ ಮ್ಯಾನೇಜರಿಗೆ ಹೇಳಿ ನಿನ್ನ ಹೆಸರೂ ಹಾಕಿಸುತ್ತಿದ್ದೆ. ಇಲ್ಲಿ ನನ್ನ ಹೊಟ್ಟೆಪಾಡು ನೇತಾಡುತ್ತಿದೆ. ನಾನು ಗಾಜಿನೊಳಗೆ ಕೂತು ಬೆವರುವುದನ್ನು ದಾರಿಹೋಕರೆಲ್ಲ ನೋಡುತ್ತಾರೆ. ನೀನು ನಿನ್ನ ಮನೆಯಲ್ಲಿ, ನಿನ್ನ ಪಾಡಿಗೆ, ಹೇಳುವವರು ಕೇಳುವವರು ಇಲ್ಲದೆ ಇದ್ದೀಯ. ಕಿಟಕಿಯಿಂದ ಹೊರಗೆ ನೋಡಿ ನಾಲ್ಕು ಸಾಲು ಬರೆಯುವುದಕ್ಕೆ ಇಷ್ಟೊಂದು ಬಿಗುಮಾನವೇ?

ಎರಡು ಸೋಮವಾರ ಬರಿಗೈಯಲ್ಲಿ ಹೋಗಿದ್ದೇನೆ.

ಅಕ್ಕ


ಏಪ್ರಿಲ್ ೨

ಅಕ್ಕ,

ನನ್ನ ಪಾಡಿಗೆ ಇದ್ದೇನೆ ಎಂದೆಯಲ್ಲ, ಆ ಪಾಡು ಏನು ಎಂದು ಇವತ್ತು ಬರೆಯುತ್ತೇನೆ. ಓದು.

ಮಾವನನ್ನು ಎಬ್ಬಿಸಬೇಕಾದರೆ ನನ್ನ ಹೆಗಲು ಅವರ ಕಂಕುಳಿಗೆ ಕೊಡಬೇಕು. ನನ್ನ ಎಡ ಹೆಗಲು ಈಗ ಮೇಲಕ್ಕೆ ಏಳುವುದಿಲ್ಲ. ಬೆನ್ನು ಹುಣ್ಣಾಗದಂತೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಔಷಧಿಗೆ ಕೆಳಗೆ ಹೋಗಬೇಕಾದರೆ ಅವರನ್ನು ಕುರ್ಚಿಗೆ ಬಟ್ಟೆಯಿಂದ ಕಟ್ಟಿ ಹೋಗುತ್ತೇನೆ. ಹೌದು, ಕಟ್ಟುತ್ತೇನೆ, ನನ್ನ ಮಾವನನ್ನು. ಮೊದಲು ಕಟ್ಟದೆ ಹೋಗುತ್ತಿದ್ದೆ, ಒಂದು ದಿನ ಬಂದು ನೋಡಿದರೆ ನೆಲದ ಮೇಲೆ ಬಿದ್ದು, ಬಾಗಿಲನ್ನೇ ನೋಡುತ್ತಾ “ಆಯ್ತು, ಆಯ್ತು” ಎನ್ನುತ್ತಿದ್ದರು. ನಿನಗೆ ಬರೆಯಲಿಲ್ಲ. ಯಾರಿಗೂ ಹೇಳಲಿಲ್ಲ. ಕಟ್ಟಿ ಓಡುತ್ತೇನೆ, ಮೆಟ್ಟಿಲಲ್ಲಿ ಓಡುತ್ತೇನೆ, ಅಂಗಡಿಯವನು ಚಿಲ್ಲರೆ ಹುಡುಕಿದರೆ ಅವನ ಮೇಲೆ ಕೆಂಡ ಕಾರಿ ಓಡಿ ಬರುತ್ತೇನೆ.

ಇಡೀ ದಿನದಲ್ಲಿ ಕೆಲಸವಲ್ಲದ್ದು ಅಂತ ಇದ್ದದ್ದು ಆ ಕಿಟಕಿ ಒಂದೇ. ಅಲ್ಲಿ ಕೂತರೆ ನಾನು ಅವರ ಆಯಾ ಅಲ್ಲ, ಅವರು ನನ್ನ ರೋಗಿ ಅಲ್ಲ, ಇಬ್ಬರು ಪೋಲಿಗಳು ಬೀದಿಯವರನ್ನು ಆಡಿಕೊಳ್ಳುತ್ತಿದ್ದೆವು. ನೀನು ಕಾಗದ ಹಿಡಿ ಎಂದೆ, ಹಿಡಿದೆ. ಅರ್ಧ ಹೇಳಿ ಬರೆದುಕೊಳ್ಳಲು ತಲೆ ತಗ್ಗಿಸುತ್ತಿದ್ದೆ, ಅವರು ಕಾಯುತ್ತಿದ್ದರು. ಇದು ತಟ್ಟೆಗೆ ಆಗುತ್ತದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ, ಅವರು ಕಾಯುತ್ತಿದ್ದರು. ಒಂದು ದಿನ ಎಡಗೈ ಚಾಚಿ ಕಾಗದದ ಮೇಲಿಟ್ಟರು. ನೋಡಬೇಕಂತೆ ಅಂದುಕೊಂಡು ತೋರಿಸಿದೆ. ಕಾಗದವನ್ನು ನನ್ನ ಮಡಿಲಿಂದ ಕೆಳಕ್ಕೆ ತಳ್ಳಿದರು. ಆಮೇಲೆ ಗೋಡೆಯ ಕಡೆ ತಿರುಗಿದರು.

ನಿನ್ನ ಹೆಸರು ನೀನೇ ಇಟ್ಟುಕೋ ಅಕ್ಕ, ನನಗೆ ಅದು ಬೇಡವೇ ಬೇಡ. ಇದ್ದ ಒಂದನ್ನೂ ನೀನು ಕೆಲಸ ಮಾಡಿಬಿಟ್ಟೆ, ನಾನೂ ನಾಚಿಕೆಯಿಲ್ಲದೆ ಕೈಜೋಡಿಸಿದೆ. ಕುರ್ಚಿಯನ್ನು ಕಿಟಕಿಯಿಂದ ಈಚೆಗೆ ಎಳೆದಿದ್ದೇನೆ. ಬೀದಿಯ ವಿಷಯ ಕೇಳಿ ಇನ್ನು ಬರೆಯಬೇಡ.

ಪುಟ್ಟಿ


ಮೇ ೬

ಪುಟ್ಟಿ,

ಒಂದು ತಿಂಗಳು ಪೆನ್ನು ಹಿಡಿಯಲು ಮುಖವಿರಲಿಲ್ಲ. ಕ್ಷಮಿಸು ಎಂದು ಬರೆದರೆ ಅದೂ ಏನನ್ನೋ ಕೇಳಿದ ಹಾಗೇ ಆಗುತ್ತದೆ, ಅದಕ್ಕೆ ನಡೆದದ್ದನ್ನಷ್ಟೇ ಹೇಳುತ್ತೇನೆ.

ನಿನ್ನ ಪತ್ರ ಬಂದ ಮೇಲಿನ ಸೋಮವಾರ ಒಂದು ಬಿಳಿ ತಟ್ಟೆ ತೆಗೆದುಕೊಂಡು ಹೋದೆ. ಮೇಲೆ ಚುಕ್ಕೆಯೂ ಇಲ್ಲ. ‘ಸಾರ್, ನನ್ನಲ್ಲಿ ಏನೂ ಇಲ್ಲ, ಬೆಂಚಿಗಾದರೂ ಕಳಿಸಿ, ಮನೆಗಾದರೂ ಕಳಿಸಿ’ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ತಟ್ಟೆ ಮೇಜಿನ ಮೇಲಿಟ್ಟೆ. ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ಅದನ್ನೆತ್ತಿ ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿದರು.

“ಎಂಥಾ ಧೈರ್ಯ!” ಎಂದರು.

“ಸಾರ್, ಅದರಲ್ಲಿ ಏನೂ ಇಲ್ಲ.”

“ಅದೇ ಕಣಮ್ಮಾ ಅದರ ವಿಶೇಷ! ಇದನ್ನೇ ನಾನು ಕಾಯ್ತಾ ಇದ್ದಿದ್ದು!”

ತರಬೇತಿಯವರಿಗೆ ಫೋನು ಹೋಯಿತು. ತಟ್ಟೆಗೆ ‘ಮೌನ’ ಎಂದು ಹೆಸರಾಯಿತು. ಕೊಳ್ಳುವವರು ಮುಗಿಬಿದ್ದರು. ನಗು ಬಂದರೆ ಈಗಲೇ ನಕ್ಕುಬಿಡು, ಮುಂದೆ ನಗುವಂಥದ್ದಿಲ್ಲ. ಬಿಳಿ ತಟ್ಟೆಗೆ ಬಿಡಿಸುವವರು ಏಕೆ ಬೇಕು? ಹಕ್ಕಿಯೂ ನಿಂತಿತು, ಕೊಡೆಯೂ ನಿಂತಿತು. ಬೆಂಚನ್ನೇ ಎತ್ತಿಸಿಬಿಟ್ಟರು. ಹೆಂಗಸರನ್ನೆಲ್ಲ ಪ್ಯಾಕಿಂಗಿಗೆ ಹಾಕಿದ್ದಾರೆ, ತಟ್ಟೆಯ ನಡುವೆ ಒಣಹುಲ್ಲು ತುರುಕುವ ಕೆಲಸ. ದೊಡ್ಡಕ್ಕನ ಬೆರಳೆಲ್ಲ ಸೀಳಿದೆ. ಅವಳ ಹಾಗೆ ತೆಳ್ಳಗೆ ಎಲೆಯ ನರ ಎಳೆಯುವವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ. ಮೊನ್ನೆ ನನ್ನ ಗಾಜಿನ ಮುಂದೆ ಬಂದು ನಿಂತು, ಸಿಟ್ಟಿಲ್ಲದೆ, “ನೀನು ಏನಾದ್ರೂ ಮಾಡಿದ್ರೂ ನಮ್ಗೆ ಕಷ್ಟ, ಏನೂ ಮಾಡ್ದೇ ಇದ್ರೂ ಕಷ್ಟ” ಎಂದು ಹೇಳಿ ಹೋದಳು.

ನನ್ನನ್ನೂ ಪ್ಯಾಕಿಂಗಿಗೆ ಹಾಕಿ ಎಂದು ಕೇಳಿದೆ. ಒಪ್ಪಲಿಲ್ಲ. ಕಾರ್ಖಾನೆ ನೋಡಲು ಬಂದವರಿಗೆ ತೋರಿಸಲು ನಾನು ಬೇಕಂತೆ. ಹಾಗಾಗಿ ಕೂತಿದ್ದೇನೆ. ಕೆಲಸವಿಲ್ಲ, ಬಿಡುಗಡೆಯೂ ಇಲ್ಲ. ಶಾಲೆಯ ಮಕ್ಕಳು ಗಾಜು ಬಡಿದು ನಾನು ಅಲ್ಲಾಡುತ್ತೇನೋ ಎಂದು ನೋಡುತ್ತಾರೆ.

ನಿನ್ನೆ ರಜೆ ಕೇಳಿದೆ. “ಹೋಗ್ಬಾಮ್ಮಾ, ಸ್ಫೂರ್ತಿ ತಗೊಂಡ್ ಬಾ” ಎಂದು ತಿಂಗಳ ರಜೆ ಕೊಟ್ಟರು. ಸ್ಫೂರ್ತಿ ಅಂಗಡಿಯಲ್ಲಿ ಸಿಗುತ್ತದೆ ಎಂದುಕೊಂಡಿದ್ದಾರೆ.

ಪುಟ್ಟಿ, ನಾನು ನಿನ್ನ ಮನೆಗೆ ಬರುತ್ತೇನೆ. ನಿನ್ನನ್ನು ನೋಡುವುದಕ್ಕಲ್ಲ. ನಾನು ಬಂದ ದಿನವೇ ನೀನು ಹೊರಟು ಇಲ್ಲಿ ನನ್ನ ಬಾಡಿಗೆ ಕೋಣೆಗೆ ಬಾ. ಬೀಗದ ಕೈ ಮನೆಯೊಡತಿಯ ಹತ್ತಿರ ಇರುತ್ತದೆ. ನಿನ್ನ ಮಾವನನ್ನು ನಾನು ನೋಡಿಕೊಳ್ಳುತ್ತೇನೆ.

ಅಕ್ಕ


ಮೇ ೧೧

ಅಕ್ಕ,

ನೀನು ಬಂದು ಏನು ಮಾಡುತ್ತೀ, ಮಾವನನ್ನು ಎತ್ತಲು ನಿನಗೆ ಬರುವುದಿಲ್ಲ, ಅವರಿಗೆ ನಿನ್ನ ಗುರುತಿಲ್ಲ, ಇವರಿಗೆ ನಿನ್ನ ಅಡುಗೆ ಹಿಡಿಸುವುದಿಲ್ಲ, ಹೀಗೆ ಒಂದು ಪುಟ ಬರೆದೆ. ಬರೆದು ಹರಿದುಹಾಕಿದೆ.

ಬಾ. ಒಂದೇ ವಾರ. ಶನಿವಾರದ ಗಾಡಿಗೆ ಹೋಗಿ ಮುಂದಿನ ಶನಿವಾರದ ಗಾಡಿಗೆ ಬಂದುಬಿಡುತ್ತೇನೆ.

ಅನ್ನ ಚೆನ್ನಾಗಿ ಕಿವುಚಬೇಕು, ನೀರನ್ನು ಚಮಚದಲ್ಲೇ ಕೊಡಬೇಕು, ಇಲ್ಲವಾದರೆ ನೆತ್ತಿಗೇರುತ್ತದೆ. ಎತ್ತುವಾಗ ಸೊಂಟದ ಪಟ್ಟಿ ಹಿಡಿ, ಕೈ ಎಳೆಯಬೇಡ. ಮಾವನಿಗೆ ಹೇಳಿದ್ದೇನೆ. ಏನೆಂದರು ಎಂದು ಕೇಳಬೇಡ.

ಪುಟ್ಟಿ


ಮೇ ೨೭

ಪುಟ್ಟಿ,

ಸುಖವಾಗಿ ತಲುಪಿದೆ ತಾನೇ? ಇಲ್ಲಿ ಎಲ್ಲ ಚೆನ್ನಾಗಿದೆ. ನೀನು ಚಿಂತೆ ಮಾಡಬೇಡ.

ನಿನ್ನ ಗಂಡ ಬಂದಿದ್ದರು. ನಿದ್ದೆಗಣ್ಣಲ್ಲಿ ನನ್ನನ್ನೇ ನೀನೆಂದುಕೊಂಡು “ಚಹಾ ಕೊಡೇ” ಎಂದರು, ಆಮೇಲೆ ಮುಖ ನೋಡಿ ತಲೆ ಚಚ್ಚಿಕೊಂಡು ಕ್ಷಮೆ ಕೇಳಿದರು. ಒಳ್ಳೆಯವರು. ಎರಡು ಹೊತ್ತು ಮಲಗಿ ಮತ್ತೆ ಗಾಡಿಗೆ ಹೋದರು.

ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದೆ. ಮಾವನನ್ನು ನಗಿಸೋಣ ಎಂದು ನಿನ್ನ ಕೊಡೆಯವನ ಕಥೆಯನ್ನೇ ಹೇಳಿದೆ, ಕೈ ಬಾಯಿ ತಿರುಗಿಸಿ. ಅವರು ಪೂರ್ತಿ ಕೇಳಿದರು. ನಗಲಿಲ್ಲ. ನೆಂಟರ ಮಗು ಹಾಡಿದಾಗ ದೊಡ್ಡವರು ನೋಡುತ್ತಾರಲ್ಲ, ಹಾಗೆ ನೋಡಿದರು.

ನೀನು ಚೆನ್ನಾಗಿ ಮಲಗು. ನನ್ನ ಕುಂಚ, ಬಣ್ಣ ಎಲ್ಲ ಮೇಜಿನ ಮೇಲಿವೆ, ಮನಸ್ಸಾದರೆ ಏನಾದರೂ ಮಾಡು.

ಅಕ್ಕ


ಮೇ ೨೯

ಅಕ್ಕ,

ಮೊದಲ ಮೂರು ದಿನ ನಿದ್ದೆ ಮಾಡಿದೆ. ನಾನು ಬದುಕಿದ್ದೇನೋ ಇಲ್ಲವೋ ಎಂದು ಮನೆಯೊಡತಿ ಬಾಗಿಲು ತಟ್ಟಿದರು.

ಆಮೇಲೆ ನಡೆದೆ. ನಿಮ್ಮ ಕಾರ್ಖಾನೆಯ ಗೋಡೆಯುದ್ದಕ್ಕೂ ನಡೆದೆ, ಆಚೆಯ ಸೇತುವೆ ದಾಟಿದೆ, ಅಲ್ಲಿಂದಲೂ ಮುಂದೆ ಹೋದೆ. ಒಂದು ಅಂಗಡಿಯವನು ಚಿಲ್ಲರೆ ಹುಡುಕುತ್ತಾ ಒಳಗೆ ಹೋಗಿ ಎಷ್ಟೋ ಹೊತ್ತು ಬರಲೇ ಇಲ್ಲ. ನಾನು ನಿಂತೇ ಇದ್ದೆ. ಕಾಯುವುದು ಇಷ್ಟು ಸುಖವೆಂದು ಗೊತ್ತಿರಲಿಲ್ಲ.

ನಿನ್ನ ಕುಂಚ ಮುಟ್ಟಲಿಲ್ಲ. ಎದುರಿಗೆ ಬಂದ ಯಾರ ಮೇಲೂ ಕಥೆ ಕಟ್ಟಬೇಕೆನಿಸಲಿಲ್ಲ. ಕೆಂಪು ಚೀಲದವಳು ಬರೀ ಕೆಂಪು ಚೀಲದವಳು. ಮೊದಲು ಭಯವಾಯಿತು. ನನ್ನನ್ನು ಕಟ್ಟಿಹಾಕಿದಾಗ ಮಾತ್ರ ನನಗೆ ಅದು ಬರುತ್ತಿತ್ತೇ ಎಂದು. ಆಮೇಲೆ ಭಯವೂ ಹೋಯಿತು. ಬಾರದಿದ್ದರೆ ಬೇಡ ಎನಿಸಿತು.

ಅಕ್ಕ, ನಾಡಿದ್ದು ಶನಿವಾರ. ಚೀಲ ಕಟ್ಟಿಟ್ಟು, ಸ್ಟೇಷನ್ನಿಗೆ ಹೋಗಿ ಟಿಕೆಟ್ಟಿನ ಸಾಲಿನಲ್ಲಿ ನಿಂತೆ. ಕಿಂಡಿಯವನು ಎಲ್ಲಿಗೆ ಎಂದು ಕೇಳಿದ. ಊರಿನ ಹೆಸರು ಬಾಯಿಗೆ ಬರಲಿಲ್ಲ. ಹಿಂದಿದ್ದವರು ಬೈದರು, ಪಕ್ಕಕ್ಕೆ ಬಂದುಬಿಟ್ಟೆ.

ಈ ಶನಿವಾರ ಬರುವುದಿಲ್ಲ. ನಿನ್ನನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಇನ್ನೊಂದು ವಾರವೋ ಏನೋ. ಬರುತ್ತೇನೆ, ಬರದೇ ಎಲ್ಲಿ ಹೋಗಲಿ. ನನ್ನನ್ನು ಕೆಟ್ಟವಳು ಅಂದುಕೊಂಡರೂ ಸರಿ. ಮಾವನಿಗೆ ಏನು ಹೇಳುತ್ತೀಯೋ ಹೇಳು.

ಪುಟ್ಟಿ


ಜೂನ್ ೩

ಪುಟ್ಟಿ,

ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದೆ. ಸುಳ್ಳು. ಮೊದಲ ದಿನವೇ ಅವರನ್ನು ಎತ್ತಲು ಹೋಗಿ ಇಬ್ಬರೂ ಬಚ್ಚಲಲ್ಲಿ ಬಿದ್ದೆವು. ನನಗೆ ಅಳು, ಅವರಿಗೆ ನಾಚಿಕೆ. ಕೆಳಗಿನ ಮನೆಯವರನ್ನು ಕೂಗಿ ಕರೆದೆ. ಕಟ್ಟಿಹಾಕಲಾರೆ ಎಂದುಕೊಂಡೇ ಬಂದವಳು, ಮೂರನೆಯ ದಿನ ಔಷಧಿಗೆ ಹೋಗುವಾಗ ಕಟ್ಟಿದೆ. ಗಂಟು ಬಿಗಿಯಾಗಿತ್ತೋ ಏನೋ, ಬಂದು ಬಿಚ್ಚಿದರೆ ಹೊಟ್ಟೆಯ ಮೇಲೆ ಗೆರೆ ಬಿದ್ದಿತ್ತು. ಅದನ್ನು ಉಜ್ಜುತ್ತಾ ಕೂತೆ.

ಶನಿವಾರ ಮಧ್ಯಾಹ್ನ ನಾನೂ ಅವರೂ ಗಾಡಿಯ ಹೊತ್ತಿಗೆ ಬೀದಿಯನ್ನೇ ನೋಡುತ್ತಿದ್ದೆವು. ಅವರು ನಿನ್ನನ್ನು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ನಾನೂ ಹುಡುಕುತ್ತಿದ್ದೆ, ಅವರಿಗಿಂತ ಹೆಚ್ಚಾಗಿ. ಎದುರಿನ ಕಾಂಪೌಂಡಿನಲ್ಲಿ ಒಬ್ಬ ಗೇಟಿಗೆ ಬಣ್ಣ ಹಚ್ಚುತ್ತಿದ್ದ. ಸುಮ್ಮನಿರಲಾರದೆ, “ಒಳಗಡೆ ನಿಂತು ಹಚ್ತಿದಾನಲ್ಲ ಮಾವ, ಬಣ್ಣ ಒಣಗೋವರೆಗೂ ಈಚೆಗೆ ಬರೋ ಹಾಗಿಲ್ಲ. ಮನೆಯೋರಿಗೆ ಅವನ ಪರಿಚಯಾನೂ ಇಲ್ಲ. ಇವತ್ತು ಅವರ ಮಗಳ ಮದುವೆ ಮಾತುಕತೆ, ಸುಮ್ನೆ ಒಳಗೆ ಕರ್ದು ಕೂರಿಸ್ತಾರೆ ನೋಡಿ, ಸಂಜೆ ಹೊತ್ತಿಗೆ ಅಳಿಯ ಆಗಿರ್ತಾನೆ” ಎಂದೆ. ಅವರ ಭುಜ ಒಂದು ಸಲ ಕುಲುಕಿತು. ನೋಡಿದರೆ ನಗುತ್ತಿದ್ದಾರೆ. ಯಾವ ಸೋಮವಾರಕ್ಕೂ ಅಲ್ಲದ್ದು, ನಾನೇ ಹೇಳಿದ್ದು. ನನಗೆ ಸಂತೋಷವಾಯಿತು ಪುಟ್ಟಿ. ಅರ್ಧ ಗಂಟೆಯಾದ ಮೇಲೆ ಅವರ ಬಟ್ಟೆ ಬದಲಿಸಬೇಕಾಗಿ ಬಂತು, ಅಲ್ಲಿಗೆ ಅದು ಮುಗಿಯಿತು.

ಇವತ್ತು ನಿನ್ನ ಪತ್ರ ಬಂತು. ಓದಿ ಸಿಟ್ಟು ನೆತ್ತಿಗೇರಿತು. ನನ್ನ ರಜೆ ಮುಗಿಯುತ್ತದೆ, ನಾನು ಹೋಗದಿದ್ದರೆ ಗಾಜಿನೊಳಗೆ ಇನ್ನೊಬ್ಬಳನ್ನು ಕೂರಿಸುತ್ತಾರೆ, ಇವಳು ನೋಡಿದರೆ ಸೇತುವೆ ದಾಟುತ್ತಿದ್ದಾಳೆ ಎಂದು. ಪೆನ್ನು ತೆಗೆದುಕೊಂಡು ಒಂದೇ ಸಾಲು ಬರೆದೆ: ‘ಬೇಗ ಬಾ, ನನಗೆ ಇಲ್ಲಿ ಉಸಿರು ಕಟ್ಟುತ್ತಿದೆ.’

ಬರೆದು ಅದನ್ನೇ ನೋಡುತ್ತಾ ಕೂತೆ. ಮಾವನಿಗೆ ಹೀಗಾದ ಈ ನಾಲ್ಕು ವರ್ಷದಲ್ಲಿ ನೀನು ನನಗೆ ಎಷ್ಟು ಪತ್ರ ಬರೆದಿದ್ದೀಯ. ಹಾಲು ಉಕ್ಕಿದ್ದು ಬರೆದೆ, ಬೀದಿಯವರ ಕಥೆ ಬರೆದೆ, ನಗಿಸಿದೆ. ಈ ಸಾಲನ್ನು ಒಂದು ಸಲವೂ ಬರೆಯಲಿಲ್ಲ. ನಾನು ಹತ್ತೇ ದಿನಕ್ಕೆ ಬರೆದೆ.

ಆ ಕಾಗದ ಹರಿದುಹಾಕಿದ್ದೇನೆ. ಈ ಶನಿವಾರವೂ ಬರಬೇಡ. ಕಾರ್ಖಾನೆಯ ವಿಷಯ ನಾನು ನೋಡಿಕೊಳ್ಳುತ್ತೇನೆ. ಊರಿನ ಹೆಸರು ತಾನಾಗಿ ಬಾಯಿಗೆ ಬಂದ ದಿನ ಟಿಕೆಟ್ಟು ತೆಗೆಸು.

ಮಾವನ ಉಗುರು ಬೆಳೆದಿದೆ. ಕತ್ತರಿ ಎಲ್ಲಿಟ್ಟಿದ್ದೀ, ಅದೊಂದು ಬರೆ.

ಅಕ್ಕ